ಫಲಿತಾಂಶಕ್ಕೆ ಮೊದಲಿನ ಎರಡು ವರ್ಷ

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಗಣಿತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಲಿಖಿತ ರೂಪ. ಈ ವರ್ಷ ಅರ್ಜಿ ಹಾಕುವ ಕುಟುಂಬಗಳಿಗೆ ಉಪಯೋಗವಾಗಲೆಂದು ಪೂರ್ತಿಯಾಗಿ ಪ್ರಕಟಿಸಿದ್ದೇವೆ.)

 

ಟ್ರಸ್ಟಿನ ಅಧ್ಯಕ್ಷರೇ, ಪದಾಧಿಕಾರಿಗಳೇ, ಕೆಲಸ ಬಿಟ್ಟು ದೂರದಿಂದ ಬಂದಿರುವ ದಾನಿಗಳೇ, ತಾಯಂದಿರೇ, ತಂದೆಯರೇ, ನನ್ನ ಪ್ರೀತಿಯ ಮಕ್ಕಳೇ,

ಇವತ್ತು ಒಳ್ಳೆಯ ಅಂಕ ತೆಗೆದ ಮಕ್ಕಳಿಗೆ ಶಾಲು ಹೊದಿಸಿದ್ದೇವೆ, ಚೆಕ್ ಕೊಟ್ಟಿದ್ದೇವೆ, ಫೋಟೋ ತೆಗೆಸಿಕೊಂಡಿದ್ದೇವೆ. ಆ ಮಕ್ಕಳಿಗೆ ನನ್ನ ಮನಸಾರೆ ಅಭಿನಂದನೆ. ಆದರೆ ನಾನು ಇವತ್ತು ಮಾತಾಡಬೇಕೆಂದಿರುವುದು ಈ ಫೋಟೋಕ್ಕೆ ಬಾರದ ಮಕ್ಕಳ ಬಗ್ಗೆ, ಮತ್ತು ಫೋಟೋ ತೆಗೆಯುವ ದಿನಕ್ಕೆ ಮೊದಲಿನ ಎರಡು ವರ್ಷಗಳ ಬಗ್ಗೆ. ಎಸ್ಸೆಸ್ಸೆಲ್ಸಿ ಮುಗಿದ ದಿನದಿಂದ ಸಿಇಟಿ, ನೀಟ್ ಬರೆಯುವ ದಿನದವರೆಗಿನ ಆ ಎರಡು ವರ್ಷಗಳಲ್ಲಿ ಸೀಟು ಸಿಗುತ್ತದೆ ಅಥವಾ ತಪ್ಪಿಹೋಗುತ್ತದೆ. ನಮ್ಮ ಹಣವೂ ಗಮನವೂ ಹೆಚ್ಚಾಗಿ ಹೋಗುವುದು ಫಲಿತಾಂಶ ಬಂದಮೇಲೆ. ಬಾಯಾರಿದಾಗ ಬಾವಿ ತೋಡಿದ ಹಾಗೆ.

ನಾನು 34 ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವಳು. ನಿವೃತ್ತಿಯಾದ ಮೇಲೆ ಭಾನುವಾರಗಳಂದು ಟ್ರಸ್ಟಿನ ಕಚೇರಿಯಲ್ಲಿ ಕೂತು ಮಕ್ಕಳಿಗೆ ಅರ್ಜಿ ತುಂಬಲು ನೆರವಾಗುತ್ತೇನೆ. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಯಾವ ಬಾಗಿಲಿಗೆ ಯಾವ ಬೀಗದ ಕೈ

ಕಚೇರಿಗೆ ಬರುವ ತಂದೆತಾಯಿಗಳಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: "ಟೀಚರ್, ಡಾಕ್ಟರ್ ಸೀಟು ಸಿಗುತ್ತಾ?" ಆ ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಪಿಯುಸಿ ವಿಜ್ಞಾನ ಎಂದರೆ ಡಾಕ್ಟರ್, ಇಲ್ಲದಿದ್ದರೆ ಸೋಲು ಎಂದು ಮನೆಯಲ್ಲಿ ತೀರ್ಮಾನವಾಗಿಬಿಟ್ಟರೆ ಮಗು ಎರಡು ವರ್ಷ ಹೆದರಿಕೆಯಲ್ಲೇ ಓದುತ್ತದೆ.

ಎಂಬಿಬಿಎಸ್, ದಂತವೈದ್ಯಕೀಯ, ಆಯುರ್ವೇದ, ಯುನಾನಿ, ಹೋಮಿಯೋಪಥಿ ಇವಕ್ಕೆಲ್ಲ ನೀಟ್. ನಮ್ಮ ರಾಜ್ಯದಲ್ಲಿ ಎಂಜಿನಿಯರಿಂಗ್, ಕೃಷಿ, ಪಶುವೈದ್ಯ, ಫಾರ್ಮಸಿ, ನರ್ಸಿಂಗ್ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಮತ್ತೊಂದು ಪಾಲಿಗೆ ಕಾಮೆಡ್‌ಕೆ. ಸುರತ್ಕಲ್ಲಿನ ಎನ್‌ಐಟಿಯಂಥ ಸಂಸ್ಥೆಗಳಿಗೆ ಜೆಇಇ ಮೇನ್. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿಗೆ 2022ರಿಂದ ಸಿಯುಇಟಿ. ಕಾನೂನು ಓದುವವರಿಗೆ ಕ್ಲಾಟ್. ಶಿಕ್ಷಕರಾಗಬೇಕೆನ್ನುವವರಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪಿಯುಸಿ ಆದಮೇಲೆ ಪದವಿ ಮತ್ತು ಬಿ.ಎಡ್ ಎರಡೂ ಒಟ್ಟಿಗೆ ಸಿಗುವ ಕೋರ್ಸಿದೆ, ಅದಕ್ಕೂ ಪ್ರವೇಶ ಪರೀಕ್ಷೆ ಇದೆ. ಎಸ್ಸೆಸ್ಸೆಲ್ಸಿ ಆದಮೇಲೆ ಪಾಲಿಟೆಕ್ನಿಕ್ ಸೇರಿದ ಮಗು ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು, ನೇರ ಎರಡನೇ ವರ್ಷದ ಎಂಜಿನಿಯರಿಂಗಿಗೆ ಹೋಗಬಹುದು. ಗ್ಯಾರೇಜಿನಲ್ಲಿ ಕೈಕೆಲಸ ಬಲ್ಲ ಮನೆಯ ಹುಡುಗರಿಗೆ ಇದು ಬಹಳ ಒಳ್ಳೆಯ ದಾರಿ, ಆದರೆ ನಮ್ಮಲ್ಲಿ ಅದನ್ನು ಕೇಳಿಕೊಂಡು ಬರುವವರೇ ಕಡಿಮೆ.

ಪ್ರಥಮ ಪಿಯುಸಿ ಶುರುವಾಗುವಾಗಲೇ ಮನೆಯವರೆಲ್ಲ ಕೂತು ಇವುಗಳಲ್ಲಿ ಎರಡು ಅಥವಾ ಮೂರು ದಾರಿಗಳನ್ನು ಗುರುತು ಹಾಕಿಕೊಳ್ಳಿ. ಒಂದೇ ದಾರಿ ಬೇಡ, ಏಳೆಂಟೂ ಬೇಡ.

ಮೊದಲ ಆರು ತಿಂಗಳು

ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ ಹತ್ತನೇ ತರಗತಿವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿ ಬಂದವರು. ಪಿಯುಸಿ ವಿಜ್ಞಾನಕ್ಕೆ ಬಂದ ದಿನ ಪಾಠವೆಲ್ಲ ಇಂಗ್ಲಿಷಿನಲ್ಲಿ. ನಿನ್ನೆಯವರೆಗೆ ತರಗತಿಯಲ್ಲಿ ಮೊದಲು ಕೈ ಎತ್ತುತ್ತಿದ್ದ ಹುಡುಗಿ ಕೊನೆಯ ಬೆಂಚಿನಲ್ಲಿ ಮಾತಿಲ್ಲದೆ ಕೂರುತ್ತಾಳೆ. ಮನೆಯವರು "ಇವಳಿಗೆ ಸೈನ್ಸ್ ತಲೆಗೆ ಹತ್ತುವುದಿಲ್ಲ" ಅನ್ನುತ್ತಾರೆ. ವಿಜ್ಞಾನ ಅವಳಿಗೆ ಗೊತ್ತಿದೆ. ಅದರ ಹೆಸರುಗಳು ಬದಲಾಗಿವೆ, ಅಷ್ಟೇ. ಕನ್ನಡದಲ್ಲಿ ವೇಗೋತ್ಕರ್ಷ ಎಂದು ಕಲಿತದ್ದು ಉರ್ದುವಿನಲ್ಲಿ ಇಸ್ರಾ, ಇಂಗ್ಲಿಷಿನಲ್ಲಿ ಆಕ್ಸಿಲರೇಶನ್. ದ್ಯುತಿಸಂಶ್ಲೇಷಣೆ, ಜಿಯಾಯಿ ತಾಲೀಫ್, ಫೋಟೋಸಿಂಥೆಸಿಸ್ ಮೂರೂ ಎಲೆಯೊಳಗೆ ನಡೆಯುವ ಒಂದೇ ಕೆಲಸ.

ಇದಕ್ಕೆ ಖರ್ಚಿಲ್ಲದ ಉಪಾಯವಿದೆ. ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಪುಟದ ಮಧ್ಯೆ ಗೆರೆ ಎಳೆದು ಒಂದು ಕಡೆ ಗೊತ್ತಿರುವ ಪದ, ಇನ್ನೊಂದು ಕಡೆ ಇಂಗ್ಲಿಷ್ ಪದ ಬರೆಯಿರಿ. ದಿನಕ್ಕೆ ಹತ್ತು ಪದ ಸಾಕು. ನೂರು ದಿನದಲ್ಲಿ ಸಾವಿರ ಪದವಾಗುತ್ತದೆ. ಪಿಯುಸಿಯ ನಾಲ್ಕು ವಿಷಯಗಳಲ್ಲಿ ಮಗುವನ್ನು ಹೆದರಿಸುವ ಪದಗಳು ಹೆಚ್ಚುಕಡಿಮೆ ಇಷ್ಟೇ. ಬೇಸಿಗೆ ರಜೆಯಲ್ಲೇ ಇದನ್ನು ಶುರು ಮಾಡಿದವರು ಕಾಲೇಜಿಗೆ ಹೋಗುವ ಮೊದಲ ವಾರವೇ ಪಾಠ ಹಿಡಿದುಬಿಡುತ್ತಾರೆ.

ನಮ್ಮ ಪಿಯು ಕಾಲೇಜುಗಳ ವಿಜ್ಞಾನ ಪಠ್ಯ ಎನ್‌ಸಿಇಆರ್‌ಟಿ ಪುಸ್ತಕಗಳನ್ನೇ ಆಧರಿಸಿದೆ. ನೀಟ್ ಪಠ್ಯವೂ ಹೆಚ್ಚಾಗಿ ಅದೇ. ಅಂದರೆ ಬ್ಯಾಗಿನಲ್ಲಿರುವ ಪುಸ್ತಕವೇ ಪ್ರವೇಶ ಪರೀಕ್ಷೆಯ ಪುಸ್ತಕ. ಜೀವಶಾಸ್ತ್ರದ ಆ ಪುಸ್ತಕವನ್ನು ಚಿತ್ರದ ಕೆಳಗಿನ ಸಾಲುಗಳನ್ನೂ ಬಿಡದೆ ಮೂರು ಸಲ ಓದಿದ ಮಗುವಿಗೆ ಹೊಳೆಯುವ ರಟ್ಟಿನ ಗೈಡುಗಳು ಬೇಕಾಗುವುದಿಲ್ಲ.

ಇನ್ನೊಂದು ವಿಷಯ. ನೀಟ್ ಮತ್ತು ಜೆಇಇ ಮೇನ್ ಪ್ರಶ್ನೆಪತ್ರಿಕೆಗಳು ಕನ್ನಡದಲ್ಲೂ ಉರ್ದುವಿನಲ್ಲೂ ದೊರೆಯುತ್ತವೆ. ಯಾವ ಭಾಷೆ ಎಂಬುದನ್ನು ಅರ್ಜಿ ತುಂಬುವಾಗಲೇ ಆರಿಸಬೇಕು. ನೀಟ್‌ನಲ್ಲಿ ಕನ್ನಡ ಆರಿಸಿದರೆ ಪುಸ್ತಿಕೆಯಲ್ಲಿ ಇಂಗ್ಲಿಷೂ ಜೊತೆಗಿರುತ್ತದೆ. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ಹಾಗಾಗಿ ಕನ್ನಡ ಆರಿಸಿಕೊಂಡವರಿಗೂ ಆ ಪದಗಳ ನೋಟ್‌ಬುಕ್ ಬೇಕೇ ಬೇಕು.

ಪರೀಕ್ಷೆಯ ಲೆಕ್ಕ

ಗಣಿತದ ಟೀಚರ್ ಆಗಿ ಸ್ವಲ್ಪ ಲೆಕ್ಕ ಹೇಳದೆ ಹೋದರೆ ನನಗೇ ಸಮಾಧಾನವಾಗುವುದಿಲ್ಲ.

ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹೀಗಿರುವಾಗ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಕೊನೆಯ ಐದು ನಿಮಿಷ ಉಳಿಸಿಕೊಂಡು ಓಎಂಆರ್ ಹಾಳೆಯ ಎಲ್ಲ ಸಾಲುಗಳೂ ತುಂಬಿವೆಯೇ ನೋಡಬೇಕು.

ಈಗಿನ ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ, 720 ಅಂಕ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಪ್ರಶ್ನೆಗೆ ಒಂದೇ ನಿಮಿಷ. ಆದರೆ ಜೀವಶಾಸ್ತ್ರ ಚೆನ್ನಾಗಿ ಓದಿದವರು ಆ 90 ಪ್ರಶ್ನೆಗಳನ್ನು 45 ನಿಮಿಷದಲ್ಲಿ ಮುಗಿಸಬಲ್ಲರು. ಆಗ ಉಳಿದ 90 ಪ್ರಶ್ನೆಗೆ 135 ನಿಮಿಷ ಸಿಗುತ್ತದೆ, ತಲಾ ಒಂದೂವರೆ ನಿಮಿಷ. ಭೌತಶಾಸ್ತ್ರದ ಲೆಕ್ಕಗಳಿಗೆ ಆ ಅರ್ಧ ನಿಮಿಷವೇ ಬೇಕಾಗಿರುವುದು.

ನೀಟ್‌ನಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. "ಗೊತ್ತಿಲ್ಲದಿದ್ದರೆ ಮುಟ್ಟಲೇಬೇಡ" ಎಂದು ಹಲವರು ಹೇಳಿಕೊಡುತ್ತಾರೆ. ಲೆಕ್ಕ ಹಾಕಿ ನೋಡಿ. ನಾಲ್ಕು ಆಯ್ಕೆಗಳಲ್ಲಿ ಎರಡು ಖಂಡಿತ ಅಲ್ಲ ಎಂದು ಗೊತ್ತಾದ ಹತ್ತು ಪ್ರಶ್ನೆಗಳಿವೆ ಎನ್ನಿ. ಉಳಿದ ಎರಡರಲ್ಲಿ ಒಂದನ್ನು ಆರಿಸಿದರೆ ಸರಾಸರಿ ಐದು ಸರಿ, ಐದು ತಪ್ಪು. 20 ಬಂತು, 5 ಹೋಯಿತು, 15 ಉಳಿಯಿತು. ಖಾಲಿ ಬಿಟ್ಟಿದ್ದರೆ ಸೊನ್ನೆ. ಏನೂ ಗೊತ್ತಿಲ್ಲದ 20 ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಲಾಭ ಬರೀ 5 ಅಂಕ, ಅದೃಷ್ಟ ಕೈಕೊಟ್ಟರೆ ನಷ್ಟ. ಆದ್ದರಿಂದ ಮಕ್ಕಳಿಗೆ ಹೇಳಿಕೊಡಬೇಕಾದದ್ದು ತಪ್ಪು ಆಯ್ಕೆಗಳನ್ನು ಹೊಡೆದುಹಾಕುವ ಅಭ್ಯಾಸ. ಅದು ಬರುವುದು ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಎದುರಿಗಿಟ್ಟು ಬಿಡಿಸುವುದರಿಂದ. ಹಳೆಯ ಪತ್ರಿಕೆಗಳೂ ಉತ್ತರಗಳೂ ಪ್ರಾಧಿಕಾರದ ಜಾಲತಾಣದಲ್ಲಿ ಹಣವಿಲ್ಲದೆ ಸಿಗುತ್ತವೆ. ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಐಐಟಿ ಕಾನ್ಪುರದ 'ಸಾಥೀ' ಎಂಬ ಜಾಲತಾಣದಲ್ಲಿ ಪಾಠವೂ ಅಭ್ಯಾಸ ಪರೀಕ್ಷೆಯೂ ಉಚಿತ.

ಮೂರನೆಯ ಲೆಕ್ಕ ಎಲ್ಲಕ್ಕಿಂತ ಮುಖ್ಯ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ. ಒಬ್ಬ ಹುಡುಗಿ ಪಿಯುಸಿಯ ಮೂರು ವಿಷಯಗಳಲ್ಲಿ 300ಕ್ಕೆ 270 ತೆಗೆದು, ಸಿಇಟಿಯಲ್ಲಿ 180ಕ್ಕೆ 90 ತೆಗೆದಳು ಎನ್ನಿ. 45 ಮತ್ತು 25 ಸೇರಿ 70. ಇನ್ನೊಬ್ಬ ಹುಡುಗ ಕೋಚಿಂಗ್ ಗುಂಗಿನಲ್ಲಿ ಕಾಲೇಜು ಮರೆತು ಪಿಯುಸಿಯಲ್ಲಿ 210, ಸಿಇಟಿಯಲ್ಲಿ 108 ತೆಗೆದ. 35 ಮತ್ತು 30 ಸೇರಿ 65. ಸಿಇಟಿಯಲ್ಲಿ ಮುಂದಿದ್ದ ಹುಡುಗನೇ ರ‍್ಯಾಂಕಿನಲ್ಲಿ ಹಿಂದೆ ಬಿದ್ದ. ಸಾಲ ಮಾಡಿ ಕೋಚಿಂಗಿಗೆ ಹಣ ಕಟ್ಟುವ ಮೊದಲು ದಯವಿಟ್ಟು ಈ ಎರಡು ಸಾಲನ್ನು ನೆನಪಿಡಿ. ಮನೆ ಹತ್ತಿರದ ಸರ್ಕಾರಿ ಪಿಯು ಕಾಲೇಜಿನ ಉಪನ್ಯಾಸಕರ ಪಾಠವನ್ನು ಒಂದು ದಿನವೂ ತಪ್ಪಿಸದೆ ಕೇಳುವುದು ರ‍್ಯಾಂಕಿನ ಅರ್ಧ ಕೆಲಸ.

ಹೆಸರು ಮತ್ತು ಕಾಗದ

ಈಗ ಹೇಳುವುದು ಓದಿನ ವಿಷಯವಲ್ಲ, ಆದರೆ ನಾನು ಕಚೇರಿಯಲ್ಲಿ ಅತಿ ಹೆಚ್ಚು ಕಣ್ಣೀರು ಕಂಡಿರುವುದು ಇದರಲ್ಲೇ.

ನಮ್ಮ ಹೆಸರುಗಳನ್ನು ನೋಡಿ. ಒಂದೇ ಮಗು ಶಾಲೆಯ ದಾಖಲೆಯಲ್ಲಿ ಮೊಹಮ್ಮದ್, ಆಧಾರಿನಲ್ಲಿ ಮಹಮ್ಮದ್, ರೇಷನ್ ಕಾರ್ಡಿನಲ್ಲಿ ಬರೀ ಎಂ.ಡಿ. ತಾಯಿ ಒಂದು ಕಡೆ ಬೇಗಂ, ಇನ್ನೊಂದು ಕಡೆ ಬಾನು, ಮೂರನೆಯ ಕಡೆ ಬೀ. ತಂದೆಯ ಹೆಸರಿನಲ್ಲಿ ಸಾಬ್ ಒಮ್ಮೆ ಇದೆ, ಒಮ್ಮೆ ಇಲ್ಲ. ಮನೆಯಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಜನ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೆಯೇ, ಅಕ್ಷರ ಅಕ್ಷರವೂ ಒಂದೇ ಆಗಿ, ಆಧಾರ್ ಮತ್ತು ಜಾತಿ-ಆದಾಯ ಪ್ರಮಾಣಪತ್ರದಲ್ಲಿ ಇರಬೇಕು. ಈ ತಿದ್ದುಪಡಿಯನ್ನು ಪ್ರಥಮ ಪಿಯುಸಿಯ ದಸರಾ ರಜೆಯೊಳಗೆ ಮುಗಿಸಿ.

ನಮ್ಮ ರಾಜ್ಯದಲ್ಲಿ ಮುಸ್ಲಿಮರು ಪ್ರವರ್ಗ 2ಬಿಯಲ್ಲಿ ಬರುತ್ತಾರೆ. ನದಾಫ್, ಪಿಂಜಾರರಂಥ ಕೆಲವು ಪಂಗಡಗಳು ಪ್ರವರ್ಗ 1ರಲ್ಲಿವೆ. ನಾಡಕಚೇರಿಯಿಂದ ಪಡೆದ ಪ್ರಮಾಣಪತ್ರದಲ್ಲಿ ಆರ್.ಡಿ. ಸಂಖ್ಯೆ ಇರುತ್ತದೆ. ಸಿಇಟಿ ಅರ್ಜಿಗೆ ಬೇಕಾಗಿರುವುದು ಆ ಸಂಖ್ಯೆ. 2ಬಿ ಪ್ರಮಾಣಪತ್ರಕ್ಕೆ ಅವಧಿ ಇದೆ. ಎಂಟನೇ ತರಗತಿಯಲ್ಲಿ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ್ದು ಪಿಯುಸಿ ಮುಗಿಯುವ ಹೊತ್ತಿಗೆ ಅವಧಿ ಮುಗಿದಿರಬಹುದು. ಕೆಲವು ವರ್ಷಗಳ ಹಿಂದೆ ಒಬ್ಬ ಬೀಡಿ ಕಾರ್ಮಿಕರ ಮಗಳಿಗೆ ಒಳ್ಳೆಯ ರ‍್ಯಾಂಕ್ ಬಂದಿತ್ತು. ಪ್ರಮಾಣಪತ್ರ ಹಳೆಯದು, ಅದರಲ್ಲಿ ತಂದೆಯ ಹೆಸರೂ ಬೇರೆ. ಹೊಸದು ಕೈಗೆ ಬರುವಷ್ಟರಲ್ಲಿ ಗಡುವು ದಾಟಿತ್ತು. ಅವಳಿಗೆ ಸಿಗಬೇಕಾಗಿದ್ದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಸೀಟು ಸಿಗಲಿಲ್ಲ. ಖಾಸಗಿ ಕಾಲೇಜಿನ ಶುಲ್ಕ ಕಟ್ಟುವ ಶಕ್ತಿ ಮನೆಯಲ್ಲಿ ಇರಲಿಲ್ಲ. ಎರಡು ವರ್ಷ ಅವಳು ಓದಿದ್ದು ಸುಳ್ಳಲ್ಲ, ಬುದ್ಧಿ ಕಡಿಮೆಯೂ ಅಲ್ಲ. ಒಂದು ಕಾಗದ ಹೊತ್ತಿಗೆ ಸರಿಯಾಗಿ ಇರಲಿಲ್ಲ.

ಒಂದನೇ ತರಗತಿಯಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದ ಮಕ್ಕಳಿಗೆ ಗ್ರಾಮೀಣ ಮೀಸಲಾತಿ ಶೇ. 15. ಆ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಇವಕ್ಕೆ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಬೇಕು. ಎರಡು ಮೂರು ಶಾಲೆಯಲ್ಲಿ ಓದಿದ್ದರೆ ಅಷ್ಟೂ ಕಡೆ ಓಡಾಡಬೇಕು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಿಗೆ ಸಂವಿಧಾನದ 371ಜೆ ವಿಧಿಯ ಸೌಲಭ್ಯವಿದೆ. ಅದರ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ಅರ್ಜಿಯಲ್ಲಿ ಕೇಳದೆ ಬಿಟ್ಟ ಮೀಸಲಾತಿಯನ್ನು ಆಮೇಲೆ ಪಡೆಯುವುದು ಬಹಳ ಕಷ್ಟ.

ಒಂದು ಎಚ್ಚರಿಕೆ: ರಾಜ್ಯದ 2ಬಿ ಪಟ್ಟಿ ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ನೀಟ್, ಜೆಇಇ ಅರ್ಜಿಗಳಲ್ಲಿ ಕೇಳುವುದು ಕೇಂದ್ರದ ಪಟ್ಟಿ. ನಿಮ್ಮ ಪಂಗಡದ ಹೆಸರು ಅದರಲ್ಲಿ ಇದೆಯೇ ಎಂದು ನೋಡಿಯೇ ತುಂಬಿ. ಇದ್ದರೆ ಕೇಂದ್ರದ ನಮೂನೆಯ ಪ್ರಮಾಣಪತ್ರವೇ ಬೇಕು.

ಸೀಟು ಆರಿಸುವಾಗ

ರ‍್ಯಾಂಕ್ ಬಂದಮೇಲೆ ಆನ್‌ಲೈನಿನಲ್ಲಿ ಕಾಲೇಜುಗಳ ಆಯ್ಕೆ ದಾಖಲಿಸಬೇಕು. ಇಲ್ಲಿ ಎಷ್ಟು ಬೇಕಾದರೂ ಆಯ್ಕೆ ಕೊಡಬಹುದು. ಮೂರೇ ಕಾಲೇಜು ಬರೆದು "ಇದು ಬಂದರೆ ಬರಲಿ" ಎನ್ನುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ನಿಮಗೆ ಅತಿ ಇಷ್ಟವಾದದ್ದು ಮೊದಲು, ನಂತರದ್ದು ನಂತರ, ಹೀಗೆ ಉದ್ದಕ್ಕೆ ಬರೆಯಿರಿ. ಹಿಂದಿನ ವರ್ಷ ಯಾವ ಕಾಲೇಜು, ಯಾವ ಕೋರ್ಸು, ಯಾವ ಪ್ರವರ್ಗಕ್ಕೆ ಎಷ್ಟನೇ ರ‍್ಯಾಂಕಿನವರೆಗೆ ಹೋಯಿತು ಎಂಬುದನ್ನು ಪ್ರಾಧಿಕಾರವೇ ಪ್ರಕಟಿಸುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅಣಕು ಸೀಟು ಹಂಚಿಕೆ ಬಂದಾಗ ನೋಡಿ, ಬೇಕಾದರೆ ಪಟ್ಟಿ ಬದಲಿಸಿ.

ಸೀಟು ಬಂದಮೇಲೆ ನಾಲ್ಕು ಆಯ್ಕೆಗಳಿವೆ. ಒಂದನೆಯದು, ಒಪ್ಪಿ ಶುಲ್ಕ ಕಟ್ಟಿ ಸೇರುವುದು. ಎರಡನೆಯದು, ಈ ಸೀಟು ಇರಲಿ, ಆದರೆ ನನ್ನ ಪಟ್ಟಿಯಲ್ಲಿ ಇದಕ್ಕಿಂತ ಮೇಲಿನದು ಮುಂದಿನ ಸುತ್ತಿನಲ್ಲಿ ಬಂದರೆ ಕೊಡಿ ಎನ್ನುವುದು. ಮೇಲಿನದು ಬಂದರೆ ಹಿಂದಿನದು ತಾನಾಗಿ ಹೋಗುತ್ತದೆ. ಮೂರನೆಯದು, ಈ ಸೀಟು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ ಎನ್ನುವುದು. ನಾಲ್ಕನೆಯದು, ಪ್ರಕ್ರಿಯೆಯಿಂದಲೇ ಹೊರಗೆ ಹೋಗುವುದು. ಸೈಬರ್ ಅಂಗಡಿಯ ಹುಡುಗನಿಗೆ ಫೋನ್ ಕೊಟ್ಟು ಚಹಾಕ್ಕೆ ಹೋಗಬೇಡಿ. ಮೂರಕ್ಕೂ ನಾಲ್ಕಕ್ಕೂ ಒಂದೇ ಬೆರಳಿನ ಅಂತರ. ಆ ಒಂದು ಒತ್ತಿನಲ್ಲಿ ಮಗುವಿನ ವರ್ಷ ಹೋಗಬಹುದು.

ಬಡ ಕುಟುಂಬಗಳು ಕೇಳಿಯೇ ಇಲ್ಲದ ಒಂದು ಸೌಲಭ್ಯವಿದೆ. ಎಂಜಿನಿಯರಿಂಗಿನಲ್ಲಿ ಸೂಪರ್ ನ್ಯೂಮರರಿ ಕೋಟಾ ಎಂದು ಶೇ. 5 ಹೆಚ್ಚುವರಿ ಸೀಟುಗಳಿವೆ. ಮನೆಯ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯ ಒಳಗಿರುವವರಿಗೆ ಅದರಲ್ಲಿ ಬೋಧನಾ ಶುಲ್ಕ ಮಾಫಿ. ಸಿಇಟಿ ಮೂಲಕ ಸೀಟು ಪಡೆದವರಿಗೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಯೋಜನೆ ಇದೆ. ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್ ಇದೆ. ಇವನ್ನೆಲ್ಲ ಕೇಳದೆ, "ಸೀಟು ಮಾಡಿಸಿಕೊಡುತ್ತೇನೆ" ಎನ್ನುವ ದಲ್ಲಾಳಿಯ ಕೈಗೆ ಮನೆಯ ಬಂಗಾರ ಇಡಬೇಡಿ.

ಸೀಟು ಸಿಗದಿದ್ದರೆ ಇನ್ನೊಂದು ವರ್ಷ ಕೂರಿಸಬೇಕೇ ಎಂದು ಕೇಳುತ್ತೀರಿ. ಮಗುವಿನ ಅಂಕವನ್ನು ಹಿಂದಿನ ವರ್ಷದ ಕೊನೆಯ ರ‍್ಯಾಂಕಿನ ಅಂಕದ ಪಕ್ಕ ಇಟ್ಟು ನೋಡಿ. ಅಂತರ ಸಣ್ಣದಿದ್ದು, ಮಗುವಿಗೇ ಮನಸ್ಸಿದ್ದರೆ ಒಂದು ವರ್ಷ ಕೊಡಿ. ಅಂತರ ದೊಡ್ಡದಿದ್ದರೆ ಗುರುತು ಹಾಕಿದ ಎರಡನೇ ದಾರಿಗೆ ಕಳಿಸಿ. ನರ್ಸಿಂಗೋ, ಕೃಷಿಯೋ, ಬಿ.ಎಸ್ಸಿಯೋ ಓದಿದ ಮಗು ಸೋತದ್ದಲ್ಲ.

ಮನೆಯೊಳಗೆ

ತಾಯಂದಿರೇ, ಒಂದು ಮಾತು. ಮಗನಿಗೆ ಕೋಚಿಂಗ್, ಮಗಳಿಗೆ ಅಣ್ಣನ ಹಳೆಯ ನೋಟ್ಸು ಎನ್ನುವ ಮನೆಗಳು ಇನ್ನೂ ಇವೆ. ಅಡುಗೆ, ಪಾತ್ರೆ, ತಮ್ಮಂದಿರ ಊಟ ಮುಗಿಸಿ ಅವಳು ಪುಸ್ತಕ ಹಿಡಿಯುವಾಗ ರಾತ್ರಿ ಹತ್ತಾಗಿರುತ್ತದೆ. ಆದರೂ ಅವಳೇ ಹೆಚ್ಚು ಅಂಕ ತರುತ್ತಾಳೆ. ನಾನು ಇದನ್ನು ಪ್ರತಿ ವರ್ಷ ಕಾಣುತ್ತೇನೆ. ಪಿಯುಸಿ ಎರಡು ವರ್ಷ ಸಂಜೆ ಏಳರಿಂದ ಹತ್ತು ಅವಳದ್ದು ಎಂದು ಮನೆಯಲ್ಲಿ ತೀರ್ಮಾನ ಮಾಡಿ. ಕಾಲೇಜು ದೂರ ಎನ್ನುವ ಕಾರಣವೂ ಈಗ ಹಳೆಯದಾಯಿತು. 2023ರ ಜೂನ್‌ನಿಂದ 'ಶಕ್ತಿ' ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿಲ್ಲ.

ರಂಜಾನ್ ಬಗ್ಗೆಯೂ ಹೇಳಬೇಕು. 2025ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಮಾರ್ಚ್ 1ರಂದು ಶುರುವಾಯಿತು, ಉಪವಾಸ ಮರುದಿನ. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಇನ್ನೂ ಕೆಲವು ವರ್ಷ ಅದು ಪರೀಕ್ಷೆಯ ತಯಾರಿಯ ದಿನಗಳಲ್ಲೇ ಬರುತ್ತದೆ. ಮೊದಲೇ ವೇಳಾಪಟ್ಟಿ ಬದಲಿಸಿಕೊಳ್ಳಿ. ಸಹರಿ ಆದಮೇಲೆ ಮಲಗದೆ ಎಂಟು ಗಂಟೆಯವರೆಗೆ ಓದಿದರೆ ದಿನದ ಒಳ್ಳೆಯ ಮೂರು ಗಂಟೆ ಸಿಗುತ್ತದೆ. ಕಷ್ಟದ ಲೆಕ್ಕಗಳು ಆಗ, ಓದಿ ನೆನಪಿಡುವುದು ಮಧ್ಯಾಹ್ನ. ಇಫ್ತಾರಿನ ಸಮೋಸ ಕರಿಯುವ ಕೆಲಸಕ್ಕೂ, ಈದ್ ಬಟ್ಟೆಯ ಸುತ್ತಾಟಕ್ಕೂ ಪರೀಕ್ಷೆ ಬರೆಯುವ ಮಗುವನ್ನು ಕರೆಯಬೇಡಿ.

ಪರೀಕ್ಷೆಯ ದಿನದ ಉಡುಪಿನ ನಿಯಮಗಳನ್ನು ಪ್ರವೇಶಪತ್ರದಲ್ಲೂ ಮಾಹಿತಿ ಪುಸ್ತಿಕೆಯಲ್ಲೂ ಓದಿ. ನೀಟ್‌ನಲ್ಲಿ ಸಾಂಪ್ರದಾಯಿಕ ಉಡುಪು ಧರಿಸಿ ಬರುವವರು ತಪಾಸಣೆಗಾಗಿ ಬೇಗ ಬರಬೇಕೆಂದು ಹೇಳಿರುತ್ತಾರೆ. ಕೊನೆ ಗಳಿಗೆಯಲ್ಲಿ ಗೇಟಿನ ಮುಂದೆ ವಾದ ಮಾಡಿ, ನಡುಗುವ ಕೈಯಲ್ಲಿ ಓಎಂಆರ್ ತುಂಬುವ ಹಾಗೆ ಆಗಬಾರದು.

ದಾನಿಗಳಲ್ಲಿ ಒಂದು ವಿನಂತಿ

1966ರಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು ಬೆಂಗಳೂರಿನಲ್ಲಿ ಅಲ್-ಅಮೀನ್ ಸಂಸ್ಥೆ ಶುರು ಮಾಡಿದ ಕಾಲದಲ್ಲಿ ನಮ್ಮ ಮಕ್ಕಳಿಗೆ ಕಾಲೇಜುಗಳೇ ಬೇಕಾಗಿದ್ದವು. ಆ ಪೀಳಿಗೆಯವರು ಕಟ್ಟಡ ಕಟ್ಟಿದರು. ಇವತ್ತು ಪ್ರತಿ ವರ್ಷ ಎಂಜಿನಿಯರಿಂಗ್ ಸೀಟುಗಳು ಖಾಲಿ ಉಳಿಯುತ್ತಿವೆ. ಈಗ ಕೊರತೆ ಇರುವುದು ಸೀಟಿಗೂ ಮಗುವಿಗೂ ನಡುವಿನ ದಾರಿಯಲ್ಲಿ.

ನಮ್ಮ ನಿಯಮ ಈಗ ಹೇಗಿದೆ? ಶೇ. 90ರ ಮೇಲೆ ಅಂಕ ಬಂದು, ಸೀಟು ಸಿಕ್ಕಿ, ಕಾಲೇಜಿನ ಶುಲ್ಕದ ರಸೀದಿ ತಂದವರಿಗೆ ವಿದ್ಯಾರ್ಥಿವೇತನ. ಆ ಮಗು ನಮ್ಮ ನೆರವಿಲ್ಲದೆಯೇ ಅರ್ಧ ದಾರಿ ದಾಟಿ ಬಂದಿದೆ. ಶೇ. 70 ತೆಗೆದು ಪ್ರಥಮ ಪಿಯುಸಿಯಲ್ಲಿ ಇಂಗ್ಲಿಷ್ ಪದಗಳೊಂದಿಗೆ ಒದ್ದಾಡುತ್ತಿರುವ, ಸಂಜೆ ಗ್ಯಾರೇಜಿಗೆ ಹೋಗುವ ಹುಡುಗ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. 2025ರಲ್ಲಿ ನೀಟ್ ಅರ್ಜಿಯ ಶುಲ್ಕ ಸಾಮಾನ್ಯ ವರ್ಗಕ್ಕೆ 1,700 ರೂಪಾಯಿ. ತಂದೆಗೆ ಕೂಲಿ ಬರುವುದು ಶನಿವಾರ, ಅರ್ಜಿಗೆ ಕೊನೆಯ ದಿನ ಶುಕ್ರವಾರ. ಇಂಥ ಮನೆಗೆ ಆ ದಿನದ 1,700 ರೂಪಾಯಿ ಮೂರು ತಿಂಗಳ ನಂತರದ 17,000ಕ್ಕಿಂತ ದೊಡ್ಡದು.

ಆದ್ದರಿಂದ ನಾನು ಮೂರು ಕೇಳುತ್ತೇನೆ. ಒಂದು, ವಿದ್ಯಾರ್ಥಿವೇತನ ನಿಧಿಯ ಒಂದು ಪಾಲನ್ನು ಪ್ರಥಮ ಪಿಯುಸಿಯ ಮಕ್ಕಳಿಗೆ ಮೀಸಲಿಡಿ, ಅಂಕಕ್ಕಿಂತ ಮನೆಯ ಅಗತ್ಯ ಮತ್ತು ಹಾಜರಾತಿ ನೋಡಿ ಕೊಡಿ. ಎರಡು, ಅರ್ಜಿ ಶುಲ್ಕಕ್ಕೆಂದೇ ಒಂದು ಚಿಕ್ಕ ನಿಧಿ ಇರಲಿ, ಕೇಳಿದ ದಿನವೇ ಕೊಡುವಂಥದ್ದು. ಮೂರು, ವಾರದಲ್ಲಿ ಆರು ಸಂಜೆ ತೆರೆದಿರುವ ಒಂದು ಓದುವ ಕೋಣೆ ಕೊಡಿ, ಹೆಣ್ಣುಮಕ್ಕಳು ನಿಶ್ಚಿಂತೆಯಿಂದ ಬಂದು ಹೋಗುವಂಥದ್ದು. ಅಲ್ಲಿ ಹಳೆಯ ಪ್ರಶ್ನೆಪತ್ರಿಕೆ, ಒಂದು ಗೋಡೆ ಗಡಿಯಾರ, ಕಾಗದಪತ್ರ ಗೊತ್ತಿರುವ ಒಬ್ಬರು ಇದ್ದರೆ ಸಾಕು. ಈ ಮೂರೂ ಸೇರಿ ನಾವು ಸಮಾರಂಭಕ್ಕೆ ಮಾಡುವ ಖರ್ಚಿಗಿಂತ ಬಹಳ ಹೆಚ್ಚೇನೂ ಆಗಲಾರದು. ಇದರಿಂದ ನಿಮ್ಮ ಫೋಟೋ ಪತ್ರಿಕೆಯಲ್ಲಿ ಬರುವುದು ಎರಡು ವರ್ಷ ತಡವಾಗಬಹುದು. ದಯವಿಟ್ಟು ಅಷ್ಟು ತಾಳ್ಮೆ ಇರಲಿ.

ಕುಟುಂಬಗಳಿಗೆ ಕೊನೆಯದಾಗಿ: ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ ಮಗು ನಿಮ್ಮ ಮನೆಯಲ್ಲಿದ್ದರೆ ಪಿಯುಸಿ ಫಲಿತಾಂಶಕ್ಕೆ ಕಾಯಬೇಡಿ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಚೇರಿಗೆ ಬನ್ನಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮಗುವಿನ ಮತ್ತು ತಂದೆತಾಯಿಯ ಆಧಾರ್, ಹಳೆಯ ಜಾತಿ-ಆದಾಯ ಪ್ರಮಾಣಪತ್ರ ತನ್ನಿ. ಮೊದಲು ಹೆಸರುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡೋಣ. ಆಮೇಲೆ ಆ ನೂರು ಪುಟದ ನೋಟ್‌ಬುಕ್ಕಿನ ಮೊದಲ ಹತ್ತು ಪದ ಬರೆಯೋಣ. ನೋಟ್‌ಬುಕ್ ನಾನು ಕೊಡುತ್ತೇನೆ.